ಸಾಂದರ್ಭಿಕ ಚಿತ್ರದ ಹೆಂಗಸು

ನಾನು ಕ್ಯಾಮೆರಾ ಕೊಂಡದ್ದು ಇಂಡಿ ಊರಿನ ಮನೆಯಲ್ಲಿ ವಾರವಿಡೀ ಒಬ್ಬಳೇ ಇರುತ್ತಿದ್ದ ದಿನಗಳಲ್ಲಿ. ಯಜಮಾನರು ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿದ್ದರು. ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೊರಟುಬಿಡುತ್ತಿದ್ದರು. ನಾನು ಪಿಯು ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತಿದ್ದೆ. ಮಧ್ಯಾಹ್ನ ಮನೆಗೆ ಬಂದರೆ ಮುಂದೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ಅಂಥ ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಸ್ಟಾಕ್ ಫೋಟೋಗ್ರಫಿಯ ಬಗ್ಗೆ ಓದಿದೆ. ನಾವು ತೆಗೆದ ಚಿತ್ರಗಳನ್ನು ಒಂದು ಜಾಲತಾಣದಲ್ಲಿ ಇಡಬೇಕು. ಯಾವುದೋ ಊರಿನ ಪತ್ರಿಕೆಯವರು, ಜಾಹೀರಾತಿನವರು ಬೇಕಾದ್ದನ್ನು ಕೊಂಡು ಬಳಸುತ್ತಾರೆ. ಯಾರು ಕೊಂಡರು, ಎಲ್ಲಿ ಹಾಕಿದರು ಎಂಬುದು ತೆಗೆದವರಿಗೆ ತಿಳಿಯುವುದಿಲ್ಲ. ಆ ಕೊನೆಯ ಮಾತು ಆಗ ನನಗೆ ಹಿತವಾಗಿಯೇ ಕೇಳಿಸಿತ್ತು.

ಸಿಂದಗಿಯಲ್ಲಿ ಮದುವೆ ಫೋಟೋ ತೆಗೆಯುವವರೊಬ್ಬರು ತಮ್ಮ ಹಳೆಯ ಸಾಮಾನು ಮಾರುತ್ತಿದ್ದಾರೆಂದು ತಿಳಿದು ಹೋದೆ. ನನ್ನ ಕಣ್ಣು ಉದ್ದನೆಯ ಝೂಮ್ ಲೆನ್ಸಿನ ಮೇಲಿತ್ತು. ಅದನ್ನು ಕೈಯಲ್ಲಿ ಹಿಡಿದರೇನೇ ಫೋಟೋಗ್ರಾಫರ್ ಆದೆನೆನ್ನಿಸುವಂತಿತ್ತು.

"ಮೇಡಮ್ಮಾರ, ದೂರದ ಹಕ್ಕಿ ತೆಗಿತೀರೋ, ಹತ್ರದ ಮಂದಿ ತೆಗಿತೀರೋ? ಅದನ್ನ ಮೊದ್ಲ ಹೇಳ್ರಿ" ಎಂದರು ಅವರು.

"ಇನ್ನೂ ಗೊತ್ತಿಲ್ರಿ. ಮನ್ಯಾಗ ತೆಗೀಬೇಕಂತ ಮಾಡೇನಿ."

"ಹಂಗಾದ್ರ ಇದನ್ನ ಒಯ್ಯಿರಿ" ಎಂದು ಮುಷ್ಟಿಯಲ್ಲಿ ಹಿಡಿಸುವಷ್ಟು ಸಣ್ಣ ಐವತ್ತು ಎಂಎಂ ಲೆನ್ಸ್ ಕೊಟ್ಟರು. "ಝೂಮ್ ಆಗಂಗಿಲ್ಲ, ನೀವ ಹಿಂದ ಮುಂದ ಅಡ್ಡಾಡಬೇಕು. ಆದ್ರ ಕಡಿಮಿ ಬೆಳಕಿನ್ಯಾಗೂ ಮಾರಿ ಸ್ವಚ್ಛ ಬರತೈತಿ. ಕ್ಯಾಮೆರಾದ ಬಾಡಿ ಹಳೇದಿರ್ಲಿ, ನಡೀತೈತಿ. ಸ್ಟ್ಯಾಂಡ್ ಮಾತ್ರ ಹಗೂರಿಂದು ತಗೋಬ್ಯಾಡ್ರಿ."

ಹಳೆಯ ಬಾಡಿ, ಆ ಸಣ್ಣ ಲೆನ್ಸ್, ಭಾರದ ಸ್ಟ್ಯಾಂಡ್, ದೂರದಿಂದ ಕ್ಲಿಕ್ಕಿಸುವ ಒಂದು ರಿಮೋಟು ಹಿಡಿದುಕೊಂಡು ಊರಿಗೆ ಬಂದೆ.

ಮೊದಲಿಗೆ ಎಲ್ಲರೂ ತೆಗೆಯುವುದನ್ನೇ ತೆಗೆದೆ: ನಿಂಬೆ ತೋಟ, ಜೋಳದ ತೆನೆ, ಆಲಮಟ್ಟಿಯ ಹಿನ್ನೀರಿನ ಮೇಲೆ ಮುಳುಗುವ ಸೂರ್ಯ. ಒಂದೊಂದಾಗಿ ಎಲ್ಲವೂ ತಿರಸ್ಕಾರವಾಗಿ ಬಂದವು. ಒಂದಕ್ಕೆ ಫೋಕಸ್ ಸರಿಯಿಲ್ಲ, ಇನ್ನೊಂದರ ನೆರಳಿನಲ್ಲಿ ಕಾಳುಕಾಳು, ಮತ್ತೊಂದರಂಥವು ತಮ್ಮಲ್ಲಿ ಬೇಕಾದಷ್ಟಿವೆ ಎಂದರು. ಓದುತ್ತ ಹೋದ ಹಾಗೆ ತಿಳಿಯಿತು, ಅವರಿಗೆ ಬೇಕಾದದ್ದು ಮನುಷ್ಯರ ಮುಖ. ನಗುವ ಮುಖ, ನೋಯುವ ಮುಖ, ಕಾಯುವ ಮುಖ. ಆದರೆ ಮುಖ ಕೊಟ್ಟವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಪಕ್ಕದ ಮನೆಯವರನ್ನು ಕೇಳಿದರೆ, "ನಮ್ಮ ಮಾರಿ ಪರದೇಶಕ್ಕ ಕಳಸ್ತೀರೇನ್ರಿ? ಬ್ಯಾಡ ಯವ್ವಾ" ಎಂದು ಒಳಗೆ ಹೋದರು. ಕೊನೆಗೆ ನನ್ನ ಮುಖವನ್ನೇ ತೆಗೆಯುವುದೆಂದು ನಿಶ್ಚಯಿಸಿದೆ.

ಉತ್ತರದ ಕಿಟಕಿಗೆ ಬಿಳಿ ಧೋತರ ಕಟ್ಟಿದರೆ ಬೆಳಕು ಹಾಲಿನಂತೆ ಇಳಿಯುತ್ತಿತ್ತು. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಹಳೆಯ ನೀಲಿ ಇಳಕಲ್ ಸೀರೆ ಉಟ್ಟು, ಸೆರಗಿನೊಳಗೆ ರಿಮೋಟು ಅಡಗಿಸಿಕೊಂಡು ನಿಲ್ಲುತ್ತಿದ್ದೆ. ತಲೆ ಹಿಡಿದುಕೊಂಡ ಹೆಂಗಸು. ಔಷಧದ ಚೀಟಿ ನೋಡುತ್ತಿರುವ ಹೆಂಗಸು. ಪಡಸಾಲೆಯ ಬಾಗಿಲಲ್ಲಿ ನಿಂತು ಹೊರಳಿ ನೋಡುತ್ತಿರುವ ಹೆಂಗಸು, ಅರ್ಧ ಮುಖ ಕತ್ತಲಲ್ಲಿ. ಈ ಕೊನೆಯದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಕಣ್ಣಿನ ಫೋಕಸ್ ಪರೀಕ್ಷಿಸಿದೆ. ಕಣ್ಣಗುಡ್ಡೆಯಲ್ಲಿ ಕಿಟಕಿ ಇತ್ತು, ಸ್ಟ್ಯಾಂಡು ಇತ್ತು, ಅದರ ಮೇಲೆ ಕ್ಯಾಮೆರಾ ಇತ್ತು. ಕ್ಯಾಮೆರಾದ ಹಿಂದೆ ಯಾರೂ ಇರಲಿಲ್ಲ. ಇರುವುದಾದರೂ ಹೇಗೆ? ಗೊತ್ತಿದ್ದೂ ಒಮ್ಮೆ ಹಿಂದೆ ಹೊರಳಿ ನೋಡಿದೆ.

ಶನಿವಾರ ಬಂದ ಯಜಮಾನರು ಅದನ್ನು ಕಂಡು, "ಇಕಿ ಯಾರು?" ಎಂದರು.

"ನಾನ."

ಮತ್ತೊಮ್ಮೆ ಬಗ್ಗಿ ನೋಡಿದರು. "ನಿನ್ನಂಗ ಅನಸವಲ್ದು. ಅದನ್ನ ಮುಚ್ಚು."

ಆ ಚಿತ್ರವೇ ಎಲ್ಲಕ್ಕಿಂತ ಹೆಚ್ಚು ಮಾರಾಟವಾಯಿತು. ಯಾವುದೋ ಗುಳಿಗೆಯ ಜಾಹೀರಾತಿನಲ್ಲಿ ಗೆಳತಿಯೊಬ್ಬಳು ನನ್ನನ್ನು ಗುರುತಿಸಿ ನಕ್ಕಳು. ಕಾಲೇಜಿನ ಹುಡುಗಿಯರು, "ಮಿಸ್, ನೀವು ಮೊಬೈಲ್‌ನ್ಯಾಗ ಬಂದೀರಿ" ಎಂದರು. ನನಗೂ ಹೆಮ್ಮೆಯೇ. ಒಂದು ಸಲ ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಆಲಮಟ್ಟಿಯ ಬಸ್ಸಿಗೆ ಕಾಯುತ್ತಿದ್ದೆ. ಎದುರಿನ ಬೆಂಚಿನಲ್ಲಿ ಕೂಸನ್ನು ಮಲಗಿಸಿಕೊಂಡಿದ್ದ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಜಾಹೀರಾತಿನಲ್ಲಿ ನೋಡಿರಬೇಕೆಂದು ನಾನು ನಕ್ಕೆ. ಅವಳು ನಗಲಿಲ್ಲ. ಕೂಸಿನ ಮುಖಕ್ಕೆ ಸೆರಗು ಮುಚ್ಚಿ, ಎದ್ದು, ನೆಲಕ್ಕೆ ಥೂ ಎಂದು ಉಗುಳಿ, ನಿಲ್ದಾಣದ ಇನ್ನೊಂದು ತುದಿಗೆ ಹೋಗಿ ಬೆನ್ನು ತಿರುಗಿಸಿ ನಿಂತಳು. ಬಸ್ಸು ಬರುವವರೆಗೂ ಹಾಗೇ ನಿಂತಿದ್ದಳು.

ಅದರ ಅರ್ಥ ತಿಳಿದದ್ದು ಮುದ್ದೇಬಿಹಾಳದಲ್ಲಿ. ಬೇಸಿಗೆಯ ಪರೀಕ್ಷೆಯ ಮೇಲ್ವಿಚಾರಣೆಗೆ ನನ್ನನ್ನು ಅಲ್ಲಿನ ಒಂದು ಕೇಂದ್ರಕ್ಕೆ ಹಾಕಿದ್ದರು. ಕೋಣೆ ಕೋಣೆಗೆ ನೀರು ಕೊಡುತ್ತಿದ್ದ ಹೆಂಗಸೊಬ್ಬಳು ಮೊದಲ ದಿನ ನನ್ನನ್ನು ಕಂಡದ್ದೇ ತಂಬಿಗೆಯನ್ನು ಬಾಗಿಲಲ್ಲೇ ಇಟ್ಟು ಹೋದಳು. ಮರುದಿನ ಬೇರೆಯವಳನ್ನು ಕಳಿಸಿದಳು. ನಾನು ಅವಳನ್ನು ಹುಡುಕಿಕೊಂಡು ಹೋಗಿ, ಏನಾಯಿತೆಂದು ಕೇಳಿದೆ. ಅವಳು ನನ್ನ ಮುಖ ಬಿಟ್ಟು ಪಾದಗಳನ್ನು ನೋಡುತ್ತಿದ್ದಳು.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ನಿಮ್ಮ ಫೋಟೋ ನಮ್ಮೂರಾಗ ಒಂದು ಮನ್ಯಾಗ ಐತ್ರಿ."

"ಯಾವ ಫೋಟೋ?"

"ಬಾಗಿಲದಾಗ ನಿಂತದ್ದು. ನೀಲಿ ಸೀರಿ. ಗ್ವಾಡಿ ಮ್ಯಾಲ ಹಾಕ್ಯಾರ್ರಿ, ಹಾರ ಹಾಕಿ."

ಅಂದಿನ ಪರೀಕ್ಷೆ ಮುಗಿದ ಮೇಲೆ ಅವಳ ಜೊತೆ ಟಂಟಂ ಆಟೋ ಹತ್ತಿ ಹೋದೆ. ಕಾಲುವೆಯ ಮಗ್ಗುಲಲ್ಲೇ ಊರು. ಬಿಸಿಲಿಗೆ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಮುದುಕನೊಬ್ಬ ನಾನು ಹಾದುಹೋಗುವಾಗ ಎದ್ದು ನಿಂತ.

ಮನೆಯೊಳಗೆ ಕಣ್ಣು ಹೊಂದಿಕೊಳ್ಳಲು ಕೊಂಚ ಹೊತ್ತು ಹಿಡಿಯಿತು. ದೇವರ ಜಗಲಿಯ ಪಕ್ಕದ ಗೋಡೆಯಲ್ಲಿ ನಾನಿದ್ದೆ. ಗಾಜಿನ ಮೇಲೆ, ಹಣೆಯ ಜಾಗಕ್ಕೆ ಸರಿಯಾಗಿ ಕುಂಕುಮ. ಒಣಗಿದ ಸೇವಂತಿಗೆಯ ಹಾರ. ಕೆಳಗೆ ಉರಿಯುತ್ತಿದ್ದ ದೀಪ.

ಮನೆಯ ಯಜಮಾನಿ ಐವತ್ತು ದಾಟಿದ ಗಟ್ಟಿ ಹೆಂಗಸು. ನನ್ನನ್ನು ಕಂಡು ಕೂಗಲಿಲ್ಲ. ಗೋಡೆಗೆ ಒರಗಿ ಮೆಲ್ಲನೆ ಕುಳಿತಳು. ಮಾತು ಶುರುವಾದದ್ದು ಆಮೇಲೆ. ಅವಳ ಮಗಳನ್ನು ದೇವಣಗಾಂವದ ಕಡೆ ಕೊಟ್ಟಿದ್ದರು. ಸಣ್ಣ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಾಗ ಕಾಲುವೆಯಲ್ಲಿ ಬಟ್ಟೆ ಒಗೆಯಲು ಹೋಗಿ, ಜಾರಿ, ಸೆಳವಿನಲ್ಲಿ ಹೋದಳು. ಮೊಬೈಲೂ ಅವಳ ಜೊತೆಗೇ ಹೋಯಿತು. ಮದುವೆಯ ಆಲ್ಬಮ್ಮು ಬೀಗರ ಮನೆಯಲ್ಲಿತ್ತು, ಅವರು ಕೊಡಲಿಲ್ಲ.

"ಆಧಾರ ಕಾರ್ಡಿನ್ಯಾಗಿಂದು ದೊಡ್ಡದು ಮಾಡಿಸಿದ್ವಿ. ಬರೇ ಕರೀ ಮಸಿ ಬಂತು" ಎಂದಳು. "ಆಮ್ಯಾಲ ನಮ್ಮ ತಮ್ಮ ಮೊಬೈಲ್‌ನ್ಯಾಗ ಸುದ್ದಿ ತೋರಿಸಿದ. ಕಾಲುವಿಗಿ ಬಿದ್ದು ಗೃಹಿಣಿ ಸಾವು ಅಂತ. ಅದರಾಗ ಈ ಫೋಟೋ ಇತ್ತು."

ನನಗೆ ಎಲ್ಲವೂ ತಿಳಿಯಿತು. ಯಾವುದೋ ಸುದ್ದಿತಾಣದವರು ನನ್ನ ಚಿತ್ರ ಹಾಕಿ, ಮೂಲೆಯಲ್ಲಿ ಸಣ್ಣಗೆ ಸಾಂದರ್ಭಿಕ ಚಿತ್ರ ಎಂದು ಬರೆದಿರಬೇಕು. ಸ್ಟುಡಿಯೋದವರು ಆ ಅಕ್ಷರಗಳನ್ನು ಕತ್ತರಿಸಿ ದೊಡ್ಡದು ಮಾಡಿದ್ದರು.

"ಅವ್ವಾ, ಇದು ನಿಮ್ಮ ಮಗಳಲ್ಲ ಅಂತ ನಿಮಗ ಅನಸಲಿಲ್ಲೇನು?"

"ಗೊತ್ತಿತ್ತು ಯವ್ವಾ. ಹಡದಾಕಿಗಿ ಗೊತ್ತಾಗೂದಿಲ್ಲೇನು? ಆದ್ರ ಮಂದಿ ಎಲ್ಲಾ ಆಕೀನ ಅಂದ್ರು. ನಿಂತ ರೀತಿ ಹಂಗ ಐತಿ ಅಂದ್ರು. ಇರ್ಲಿ, ಗ್ವಾಡಿ ಖಾಲಿ ಇರಬಾರದು ಅಂತ ಹಾಕಿದೆ." ಅವಳು ಗೋಡೆಯತ್ತ ನೋಡಲಿಲ್ಲ, ನನ್ನನ್ನೇ ನೋಡಿದಳು. "ಈಗ ಕಣ್ಣು ಮುಚ್ಚಿದ್ರ ಇದ ಮಾರಿ ಬರತೈತಿ. ನಿಂದು. ಆಕೀದು ಬರವಲ್ದು. ಎಷ್ಟು ನೆನಸಿದ್ರೂ ಬರವಲ್ದು."

ಹೊರಗೆ ಹೆಜ್ಜೆಯ ಸದ್ದಾಯಿತು. ಅವಳು ಗಾಬರಿಯಾಗಿ, "ಮೊಮ್ಮಗಳು ಬಂದ್ಲು, ನೀ ಹಿತ್ತಲಿಂದ ಹೋಗು" ಎಂದಳು. ನಾನು ಏಳುವಷ್ಟರಲ್ಲಿ ಹುಡುಗಿ ಒಳಗೆ ಬಂದಾಗಿತ್ತು. ಏಳೆಂಟು ವರ್ಷದವಳು. ನನ್ನನ್ನು ನೋಡಿದಳು, ಗೋಡೆ ನೋಡಿದಳು. ಹೆದರಲಿಲ್ಲ. ನೇರವಾಗಿ ಬಂದು ನನ್ನ ಸೆರಗನ್ನು ಎರಡು ಬೆರಳಲ್ಲಿ ಹಿಡಿದು, ಬಟ್ಟೆ ಕೊಳ್ಳುವವರಂತೆ ತಿಕ್ಕಿ ನೋಡಿದಳು.

"ಅಮ್ಮಾ, ಸೀರಿ ಒಣಗೇತಿ" ಎಂದಳು ಅಜ್ಜಿಗೆ.

ಅಲ್ಲೇ ಕುಳಿತು, "ನಾ ನಿಮ್ಮವ್ವ ಅಲ್ಲ, ಕೂಸ. ನಾ ಇಂಡ್ಯಾಗಿನ ಟೀಚರ್. ಆ ಫೋಟೋ ನಂದು. ತಪ್ಪಿ ಇಲ್ಲಿಗೆ ಬಂದೈತಿ" ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಸೆರಗು ಬಿಡದೆ, ಪಕ್ಕದಲ್ಲಿ ಕುಳಿತಳು. ನಾನು ಹೊರಡುವಾಗ ಬೆರಳುಗಳನ್ನು ಅಜ್ಜಿಯೇ ಬಿಡಿಸಬೇಕಾಯಿತು.

ಇಂಡಿಗೆ ಬಂದವಳೇ ಆ ಚಿತ್ರವನ್ನು ಜಾಲತಾಣದಿಂದ ತೆಗೆದೆ. ಅದಾಗಲೇ ಕೊಂಡವರ ಹತ್ತಿರ ಇರುವುದನ್ನು ತೆಗೆಯುವಂತಿರಲಿಲ್ಲ. ಯಜಮಾನರಿಗೆ ಹೇಳಿದಾಗ ಬಯ್ಯುತ್ತಾರೆಂದುಕೊಂಡಿದ್ದೆ. ಅವರು "ಮದುವಿ ಫೋಟೋ ತೆಗದಾವ ಯಾವನರ ಇರಬೇಕಲ್ಲ? ಅವನ ಕಡೆ ಇರತೈತಿ" ಎಂದರು. ಆ ಭಾನುವಾರ ಇಬ್ಬರೂ ದೇವಣಗಾಂವಕ್ಕೆ ಹೋಗಿ ವಿಚಾರಿಸುತ್ತ ಆ ಸ್ಟುಡಿಯೋ ಪತ್ತೆ ಮಾಡಿದೆವು. ಮಾಲೀಕ ಹಳೆಯ ಹಾರ್ಡ್ ಡಿಸ್ಕುಗಳನ್ನು ತಾಳ್ಮೆಯಿಂದ ತೆರೆದು ತೋರಿಸಿದ. ಎಷ್ಟೋ ಚಿತ್ರಗಳಲ್ಲಿ ಮದುಮಗಳು ತಲೆ ಬಗ್ಗಿಸಿದ್ದಳು. ಒಂದರಲ್ಲಿ ಮಾತ್ರ ಅರಿಶಿನ ಹಚ್ಚುವವರ ಕೈ ತಪ್ಪಿಸಿಕೊಳ್ಳುತ್ತ, ಬಾಯ್ತುಂಬ ನಗುತ್ತಿದ್ದಳು. ದುಂಡು ಮುಖ, ಅಗಲ ಹಣೆ. ನನಗೂ ಅವಳಿಗೂ ಏನೇನೂ ಹೋಲಿಕೆ ಇರಲಿಲ್ಲ.

ಅದನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಒಯ್ದುಕೊಟ್ಟೆವು. ತಾಯಿ ಅದನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ಮುಖದಲ್ಲಿ ಏನೂ ಮೂಡಲಿಲ್ಲ. "ಇಕಿ ಯಾರ ಮಗಳು?" ಎಂದು ನನ್ನನ್ನು ಕೇಳಿದಳು. ಆಮೇಲೆ ಅವಳ ಬೆರಳು ಎಡ ಹುಬ್ಬಿನ ಮೇಲೆ ನಿಂತಿತು. ಅಲ್ಲೊಂದು ಸಣ್ಣ ಗಾಯದ ಕಲೆ.

"ಕಟ್ಟಿ ಮ್ಯಾಲಿಂದ ಬಿದ್ದಿದ್ಲು" ಎಂದಳು. "ಹೊಲಿಗಿ ಹಾಕೂವಾಗ ನನ್ನ ಕೈ ಕಚ್ಚಿದ್ಲು." ಅವಳು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಗೋಡೆಗೆ ಹೊಸ ಚಿತ್ರ ಹಾಕಿದರು. ಕೆಳಗಿಳಿಸಿದ ನನ್ನ ಚಿತ್ರವನ್ನು ಕೊಡಿರೆಂದು ಕೇಳಿದೆ. ತಾಯಿ ಕೊಡಲಿಲ್ಲ. "ಪೂಜಿ ಆದದ್ದು ಜೀವಂತ ಇದ್ದಾಕಿ ಮನಿಗಿ ಒಯ್ಯಬಾರದು. ಕಸಕ್ಕೂ ಒಗಿಯಂಗಿಲ್ಲ. ನೀರಿಗಿ ಬಿಡತೇವಿ. ನೀ ಹೂಂ ಅಂದ್ರ."

ಹೂಂ ಎಂದೆ. ಎಲ್ಲರೂ ಕಾಲುವೆಗೆ ನಡೆದೆವು. ಯಜಮಾನರು ದಂಡೆಯ ಮೇಲೆಯೇ ನಿಂತರು. ತಾಯಿ ಮೆಟ್ಟಿಲಿಳಿದು, ಗಾಜಿನ ಮೇಲಿನ ಕುಂಕುಮವನ್ನು ನೀರಿನಿಂದ ಒರೆಸಿ, ಚಿತ್ರವನ್ನು ಮುಖ ಮೇಲಾಗಿ ಬಿಟ್ಟಳು. ಅದು ಒಮ್ಮೆಲೇ ಮುಳುಗಲಿಲ್ಲ. ಸೆಳವಿನಲ್ಲಿ ಸುತ್ತುತ್ತ ಸಾಗಿತು. ಹುಡುಗಿ ದಂಡೆಗುಂಟ ಅದರ ಜೊತೆ ಓಡಿದಳು. ಗಾಜಿನ ಕೆಳಗೆ ನೀರು ನುಗ್ಗಿ, ನನ್ನ ಮುಖ ಕೊಂಚ ಹೊತ್ತು ಕೆನ್ನೆ ಉಬ್ಬಿದಂತೆ ಕಂಡಿತು. ತೂಬಿನ ಹತ್ತಿರ ಓರೆಯಾಗಿ ಒಳಗೆ ಹೋಯಿತು. ನಾನು ನನಗರಿವಿಲ್ಲದೆ ಉಸಿರು ಬಿಗಿ ಹಿಡಿದಿದ್ದೆ.

"ಬರ್ರಿ. ಹಿಂದಕ್ಕ ನೋಡಬ್ಯಾಡ್ರಿ" ಎಂದಳು ತಾಯಿ.

ಯಾರೂ ನೋಡಲಿಲ್ಲ. ಮನೆಯ ಹೊರಗೆ ಒಂದು ಕೊಡ ನೀರು ತುಂಬಿಸಿ ಇಟ್ಟಿದ್ದರು. ಸರದಿಯಂತೆ ಕಾಲು ತೊಳೆದುಕೊಂಡೆವು. ಹುಡುಗಿ ನನ್ನ ಕಾಲಿಗೆ ತಾನೇ ನೀರು ಹಾಕಿ, "ಒಳಗ ಬರ್ರಿ ಟೀಚರ್" ಎಂದಳು.