ಕಾವಲುಗಾರನ ಮನೆಯ ಬಾಗಿಲು

ಹುತ್ರಿದುರ್ಗದ ಬುಡದ ಈ ಮನೆಗೆ ನಾನು ಬರಬಾರದಿತ್ತು. ನನ್ನ ಕಾದಂಬರಿಗೆ ಬೇಕಾಗಿದ್ದ ಕೋಟೆ ಬಾಗಿಲಿನ ಅಳತೆ ಸಿಕ್ಕಿತ್ತು, ಸುಮ್ಮನೆ ಕುಣಿಗಲ್ ಬಸ್ಸು ಹತ್ತಬಹುದಿತ್ತು. ಊರಿನವರು ಬಿಡಲಿಲ್ಲ. ಹಿಂದೆ ಆ ಬಾಗಿಲು ಕಾಯುತ್ತಿದ್ದವನ ವಂಶದವರು ಇವರೇ ಎಂದು ಕರೆತಂದು ಕೂರಿಸಿದರು.

ಎದುರಿಗೆ ಕೂತಿದ್ದ ಮುದುಕಿ ನಂಜಮ್ಮ ನನ್ನ ತೊಡೆಯ ಮೇಲಿನ ಹಾಳೆಗಳನ್ನೇ ನೋಡುತ್ತಿದ್ದರು.

"ನಮ್ ಮುತ್ತಾತನ ಬಗ್ಗೆ ಏನ್ ಬರ್ದಿದೀರಿ ಸಾರ್?"

ಶತ್ರುಗಳಿಂದ ಚಿನ್ನ ತಗೊಂಡು ಬಾಗಿಲು ತೆರೆದಿಟ್ಟ ಎಂದು ಬರೆದಿದ್ದೆ. ಕೋಟೆ ಶತ್ರುಗಳ ಪಾಲಾದ ದಿನ ಬಾಗಿಲು ತೆರೆದಿತ್ತು ಅನ್ನುವುದು ಊರವರೆಲ್ಲ ಹೇಳುವ ಮಾತು. ಚಿನ್ನವನ್ನು ಅವನ ಕೈಗಿಟ್ಟವನು ಮಾತ್ರ ನಾನು.

"ಇನ್ನೂ ಬರೀತಿದೀನಿ ಅಮ್ಮ," ಎಂದೆ.

ಅಷ್ಟರಲ್ಲಿ ಗಾಳಿ ನುಗ್ಗಿ ಹಾಳೆಗಳು ನಡುಮನೆ ತುಂಬ ಹಾರಿದವು. ಸದ್ಯ, ಒಂದು ನೆಪ ಸಿಕ್ಕಿತು ಅಂದುಕೊಂಡು ಎದ್ದು, ಬಾಗಿಲಿಗೆ ಆನಿಸಿಟ್ಟಿದ್ದ ಗುಂಡುಕಲ್ಲನ್ನು ಕಾಲಲ್ಲಿ ಸರಿಸಿ ಕದ ಎಳೆದೆ.

"ಹಾಕ್ಬೇಡಿ!" ಮುದುಕಿ ಕಿರುಚಿದರು. ನನ್ನ ಕೈ ಚಿಲಕದ ಮೇಲೇ ನಿಂತಿತು.

"ಸೊಸೆ ಡೈರಿಗೆ ಹಾಲು ಹಾಕೋಕೆ ಹೋಗವ್ಳೆ. ನಮ್ಮೋರು ಒಬ್ರು ಆಚೆ ಇದ್ರೂ ನಮ್ಮನೇಲಿ ಬಾಗ್ಲು ಹಾಕಲ್ಲ. ಅವತ್ತು ಕೋಟೆ ಬಾಗ್ಲನ್ನ ಮುತ್ತಾತನೂ ಹಾಕ್ಲಿಲ್ಲ. ಅವ್ನ ಹೆಂಡ್ತಿ ಬೆಟ್ಟ ಇಳಿದು ನೀರಿಗೆ ಹೋಗಿದ್ಲು. ಅದನ್ನ ಬರ್ದಿದೀರಿ ತಾನೆ?"

ಕಲ್ಲನ್ನು ಮತ್ತೆ ಬಾಗಿಲಿಗೆ ಆನಿಸಿ, ಬಗ್ಗಿ ಹಾಳೆಗಳನ್ನು ಒಂದೊಂದಾಗಿ ಆಯತೊಡಗಿದೆ. ಅಷ್ಟೂ ಹಾಳೆಗಳಲ್ಲಿ ಅವನಿಗೆ ಹೆಂಡತಿಯೇ ಇರಲಿಲ್ಲ.