ಮೋಟಾರ್ ತಿರುಮೂರ್ತಿಯ ಓಟಿನ ಲೆಕ್ಕ

ಕೊಯಮತ್ತೂರು ಕಡೆಯ ನಮ್ಮ ಅನ್ನೂರು ಬಸ್ ಸ್ಟ್ಯಾಂಡಿನ ಹಿಂದೆ ತಿರುಮೂರ್ತಿಯ ಬೋರ್‌ವೆಲ್ ಮೋಟಾರ್ ರಿಪೇರಿ ಅಂಗಡಿ ಇದೆ. ಅವನು ಅಲ್ಲಿ ನಿಂತು "ಟೀ!" ಎಂದು ಕೂಗಿದರೆ ಪಕ್ಕದೂರು ಅವಿನಾಶಿಯಲ್ಲಿ ಯಾರೋ ಹಾಲು ಕಾಯಲು ಇಡುತ್ತಾರೆ. ಅಂಥ ಗಂಟಲು. ಆ ಗಂಟಲನ್ನು ಇಪ್ಪತ್ತು ವರ್ಷದಿಂದ ತನ್ನ ಪಕ್ಷಕ್ಕೆ ಧಾರಾಳವಾಗಿ ಕೊಟ್ಟಿದ್ದಾನೆ. ಸಭೆ ನಡೆದರೆ ಮೈಕು ಕಟ್ಟುವವನು ಅವನೇ, ಮೈಕು ಕೆಟ್ಟರೆ ಮೈಕಾಗುವವನೂ ಅವನೇ. ವೇದಿಕೆಯ ಕುರ್ಚಿಗಳನ್ನೆಲ್ಲ ಒರೆಸಿದ್ದಾನೆ. ಒಂದರ ಮೇಲೂ ಕೂತಿಲ್ಲ.

ಈ ಸಲ ಕೂತೇ ತೀರಬೇಕೆಂದು ಅವನಿಗೆ ಹಟ ಬಂತು. ಪಟ್ಟಣ ಪಂಚಾಯಿತಿಯ ಚುನಾವಣೆ ಹತ್ತಿರವಾಗಿತ್ತು. ನಮ್ಮ ವಾರ್ಡು ಮುಂದಿನ ಸಲ ಹೆಂಗಸರಿಗೆ ಮೀಸಲಾಗುತ್ತದೆಂದು ಸುದ್ದಿ. ಮತ್ತೆ ಗಂಡಸರ ಸರದಿ ಬರುವಷ್ಟರಲ್ಲಿ ಅವನ ಹಲ್ಲುಗಳೆಲ್ಲ ರಾಜೀನಾಮೆ ಕೊಟ್ಟಿರುತ್ತವೆ. ಹಾಗಾಗಿ ಪಕ್ಷದ ಟಿಕೆಟ್ ಬೇಕೆಂದು ಅರ್ಜಿ ಹಾಕಿದ. ಅದೇ ವಾರ್ಡಿಗೆ ಅರ್ಜಿ ಹಾಕಿದ ಇನ್ನೊಬ್ಬ, ನೂಲಿನ ಗಿರಣಿಯ ಪ್ರಭಾಕರನ್. ಅವನ ಅಂಗಿಯ ಇಸ್ತ್ರಿ ಎಷ್ಟು ಚೂಪೆಂದರೆ ತೋಳಿನ ಮಡಿಕೆಯಲ್ಲಿ ಎಳನೀರು ಕೆತ್ತಬಹುದು.

ತನ್ನ ಓಟು ಎಷ್ಟು ಖಚಿತ ಎಂದು ಅಳೆಯಲು ತಿರುಮೂರ್ತಿ ಮನೆಮನೆಗೆ ಹೊರಟ. ವಾರ್ಡಿನಲ್ಲಿ ಬಹಳಷ್ಟು ನಮ್ಮ ಕನ್ನಡದ ಮನೆಗಳೇ. ಎಷ್ಟೋ ತಲೆಮಾರಿನ ಹಿಂದೆ ದನ ಹೊಡೆದುಕೊಂಡು ಬಂದು ಇಲ್ಲಿಯವರೇ ಆದವರು. ಹೊಸಿಲಿನ ಆಚೆ ತಮಿಳು, ಈಚೆ ಕನ್ನಡ. ಈ ಮನೆಗಳಲ್ಲಿ ಒಂದು ಮರ್ಯಾದೆ ಇದೆ. ಬಂದು ಕೂತು ಮಜ್ಜಿಗೆ ಕುಡಿದವನಿಗೆ 'ಇಲ್ಲ' ಎನ್ನಬಾರದು. ಅವನು ಹಾಲು ಕರೆಯುವ ಎಮ್ಮೆಯನ್ನೇ ಕೇಳಿದರೂ 'ಆಗ್ಲಿ ಕಣ್ಣು' ಎಂದು ಮುದ್ದಾಗಿ ಕಳಿಸಬೇಕು. ಎಮ್ಮೆ ಕೊಡುವುದಿಲ್ಲವೆಂಬುದನ್ನು ಆಮೇಲೆ ಇನ್ನೊಬ್ಬರ ಬಾಯಲ್ಲಿ ಹೇಳಿಸಬೇಕು. ತಿರುಮೂರ್ತಿಗೆ ಇದು ಗೊತ್ತಿಲ್ಲದ್ದೇನಲ್ಲ, ಅವನೂ ಎಷ್ಟೋ ಜನರನ್ನು ಹಾಗೆ ಕಳಿಸಿದವನೇ. ಆದರೆ ಟಿಕೆಟ್ಟಿನ ಆಸೆ ತಲೆಗೇರಿದ ಮೇಲೆ ಎಲ್ಲ ಮರೆತ. ಆ ವಾರ ಅವನು ಕುಡಿದ ಮಜ್ಜಿಗೆಯನ್ನು ಹಿಂಡಿ ತೆಗೆದಿದ್ದರೆ ಒಣಗಿ ಬಿದ್ದ ನಮ್ಮ ಕೌಶಿಕಾ ನದಿ ದಡ ಮೀರಿ ಹರಿಯುತ್ತಿತ್ತು.

"ಮಾವಾ, ನಮ್ಮೋರ ಓಟು ಒಂದೂ ಆಚೆ ಓಗಲ್ಲ. ಎಲ್ಲಾರೂ ಆಗ್ಲಿ ಅಂದವ್ರೆ," ಅಂದ ನನ್ನ ಹತ್ತಿರ ಬಂದು.

"ಮಜ್ಜಿಗೆ ಕೊಟ್ಟೋರು ಇನ್ನೇನಂತಾರೋ?" ಅಂದೆ.

"ನೀವು ಬಾಯ್ ತೆಗೆದ್ರೆ ಅಪಶಕುನ. ಕೊಯಮತ್ತೂರಿಗೆ ಜೊತೆಗೆ ಬನ್ನಿ, ಬಂದು ಸುಮ್ನೆ ಕೂತ್ಕೊಳ್ಳಿ."

ಹೋದೆ. ಪಕ್ಷದ ಜಿಲ್ಲಾ ಕಚೇರಿಯಲ್ಲಿ ಟಿಕೆಟ್ ಕೇಳಿದವರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ವಿಚಾರಿಸುತ್ತಿದ್ದರು. ಹೊರಗಿನ ಹಜಾರದಲ್ಲಿ ಬಿಳಿ ವೇಷ್ಟಿ-ಪಂಚೆಗಳ ಬೆಳಕಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಉಗುಳು ನುಂಗುವ ಸದ್ದು ಫ್ಯಾನಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ನಮಗಿಂತ ಮೊದಲು ಪ್ರಭಾಕರನ್ ಒಳಗೆ ಹೋದ. ಬಹಳ ಹೊತ್ತಾದ ಮೇಲೆ ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತ ಹೊರಗೆ ಬಂದು ತಿರುಮೂರ್ತಿಯ ಭುಜ ತಟ್ಟಿದ. ಸೋತವನು ತಟ್ಟುವ ಹಾಗಿರಲಿಲ್ಲ ಅದು. ತಿರುಮೂರ್ತಿಯ ಮುಖ ಸುಣ್ಣವಾಯಿತು.

ಅವನನ್ನು ಕರೆದಾಗ ನಾನೂ ಹಿಂದೆಯೇ ನುಸುಳಿದೆ. ಒಳಗೆ ಜಿಲ್ಲಾ ಕಾರ್ಯದರ್ಶಿ ಪಳನಿಸಾಮಿ ಕೂತಿದ್ದ. ಮೂಲೆಯಲ್ಲಿ ಪಕ್ಷದ ಹಿರಿಯ, ತೊಂಡಾಮುತ್ತೂರಿನ ಲಿಂಗಪ್ಪನ್ ಕಣ್ಣು ಮುಚ್ಚಿ ಟೀ ಹೀರುತ್ತಿದ್ದ. ಮನುಷ್ಯ ನಿದ್ದೆಯಲ್ಲೇ ಕುಡಿಯುತ್ತಿದ್ದಾನೋ ಎಂದು ನನಗೆ ಅನುಮಾನ. ಮಾತೆಲ್ಲ ತಮಿಳಿನಲ್ಲೇ ನಡೆಯಿತು.

"ನಿನ್ನ ದುಡಿಮೆ ಗೊತ್ತು ತಂಬಿ," ಎಂದ ಪಳನಿಸಾಮಿ. "ದುಡಿದವರಿಗೆಲ್ಲ ಟಿಕೆಟ್ ಕೊಟ್ಟರೆ ಬಾವುಟ ಹಿಡಿಯೋಕೆ ಯಾರೂ ಉಳಿಯಲ್ಲ. ಪ್ರಭಾಕರನ್ ಬಿಟ್ಟು ನಿನಗೆ ಯಾಕೆ ಕೊಡಬೇಕು, ಅದನ್ನ ಹೇಳು."

"ನಮ್ಮ ಜನದ ಓಟು ಪೂರ್ತಿ ನನ್ನದೇ ಅಣ್ಣಾ."

"ಎಲ್ಲರೂ ಹೀಗೇ ಹೇಳ್ತಾರೆ. ನಿಮ್ಮ ಜನದಲ್ಲಿ ಯಾರ ಮಾತು ನಡೆಯುತ್ತೆ?"

"ನಮ್ಮ ಸುಬ್ಬಾತಾಳ್ ಅತ್ತೆದು. ಅವರು ಯಾರಿಗೆ ಅಂತಾರೋ ಇಡೀ ಬೀದಿ ಅವರಿಗೇ."

"ಫೋನ್ ಮಾಡು. ಸ್ಪೀಕರ್ ಹಾಕು. ಇಲ್ಲಿದ್ದೀನಿ ಅಂತ ಹೇಳಬೇಡ. ಓಟು ಹಾಕ್ತೀರಾ ಅಂತ ಮಾತ್ರ ಕೇಳು."

ತಿರುಮೂರ್ತಿಯ ಅವಸರಕ್ಕೆ ಮೊದಲ ಸಲ ಫೋನು ಕರೆಂಟ್ ಆಫೀಸಿಗೆ ಹೋಯಿತು. ಎರಡನೆಯ ಸಲ ಅತ್ತೆ ಎತ್ತಿಕೊಂಡರು. ಫೋನು ಮೇಜಿನ ಮೇಲಿತ್ತು. ಅವರು ಮಾತಾಡಿದ್ದು ನಮ್ಮ ಮನೆಯ ಕನ್ನಡದಲ್ಲಿ.

"ಯಾರೋ ಅದು, ತಿರುಮೂರ್ತಿಯಾ? ಎಲ್ಲಿ ಸತ್ತೆಯೋ ಕಣ್ಣು, ನಮ್ಮ ಬೋರು ಬೆಳಿಗ್ಗೆಯಿಂದ ಗೊರಗೊರ ಅಂತದೆ!"

"ಬತ್ತೀನಿ ಅತ್ತೆ. ಒಂದು ಮಾತು... ನಾನು ಎಲೆಕ್ಷನ್‌ಗೆ ನಿಂತ್ರೆ ಓಟು ಆಕ್ತೀರಲ್ಲ?"

"ನಿಂಗಾ? ಆಕಲ್ಲ."

ತಿರುಮೂರ್ತಿ ಫೋನಿನ ಕಡೆಗೆ ಬಾಗಿದ. "ಮೊನ್ನೆ ಆಗ್ಲಿ ಅಂದ್ರಿ?"

"ಮನೆಗೆ ಬಂದು ಮಜ್ಜಿಗೆ ಕುಡಿಯೋನಿಗೆ ಇಲ್ಲ ಅಂತಾರೇನೋ ಪೈತ್ಯಾ? ಫೋನಲ್ಲಿ ಕೇಳ್ದೆ, ಯೋಳ್ದೆ. ನೀನು ಗೆದ್ರೆ ಬಿಳಿ ವೇಷ್ಟಿ ಕಟ್ಕಂಡು ಕಾರಲ್ಲಿ ತಿರುಗ್ತೀಯ. ನಮ್ಮ ಮೋಟಾರ್ ಯಾರು ಎತ್ತೋದು? ಆ ಪ್ರಭಾಕರನ್ ಗೆದ್ರೂ ಸೋತ್ರೂ ನಮಗೇನು ನಷ್ಟ? ನಮ್ಮ ಬೀದಿಯೆಲ್ಲಾ ಅವನಿಗೇ. ಬೇಗ ಬಾ, ಸ್ಪ್ಯಾನರ್ ಮರೀಬೇಡ!"

ಫೋನ್ ಇಟ್ಟರು. ಪಳನಿಸಾಮಿಗೆ ಒಂದಕ್ಷರವೂ ತಿಳಿದಿರಲಿಲ್ಲ. "ಅಮ್ಮ ಏನಂದ್ರು?" ಎಂದು ಕೇಳಿದ.

ತಿರುಮೂರ್ತಿ ನನ್ನ ಕಡೆ ನೋಡಿದ. ನಾನು ಗೋಡೆ ನೋಡಿದೆ. ಅವನ ಹಣೆಯಲ್ಲಿ ಆಗ ಹುಟ್ಟಿದ ಬೆವರಿನಲ್ಲಿ ಅರ್ಧ ಎಕರೆ ಬಾಳೆ ಬೆಳೆಯಬಹುದಿತ್ತು. ಇಪ್ಪತ್ತು ವರ್ಷ ಒರೆಸಿದ ಕುರ್ಚಿ ಒಂದೇ ಒಂದು ಸುಳ್ಳಿನ ದೂರದಲ್ಲಿತ್ತು. ಹೊಸಿಲಿನ ಆಚೆ ನಮ್ಮ ಭಾಷೆ ಯಾರಿಗೂ ಬಾರದು ಎಂಬುದು ನಮ್ಮವರ ಹಳೆಯ ನಂಬಿಕೆ.

"ಬೀದಿಯೆಲ್ಲ ನನಗೇ ಅಂದ್ರು ಅಣ್ಣಾ," ಎಂದ. ಅಂಥ ಗಂಟಲಿನವನ ದನಿ ಇಲಿಯ ದನಿಯಾಗಿತ್ತು.

ಪಳನಿಸಾಮಿಯ ಮುಖ ಅರಳಿತು. ಪೆನ್ನು ಎತ್ತಿಕೊಂಡ. ಆಗ ಮೂಲೆಯ ಲಿಂಗಪ್ಪನ್ ಕಣ್ಣು ಬಿಡದೆಯೇ, ಪಕ್ಕಾ ನಮ್ಮ ಕನ್ನಡದಲ್ಲಿ ಕೇಳಿದ:

"ನೀನೇ ಯೋಳ್ತೀಯಾ, ಇಲ್ಲಾ ನಾನು ಯೋಳ್ಲಾ?"

ಫ್ಯಾನು ನಿಂತಿತೆಂದು ನನ್ನ ಲೆಕ್ಕ. ತಿರುಮೂರ್ತಿ ಮೇಜಿನ ಅಂಚು ಹಿಡಿದುಕೊಂಡ. ಆಮೇಲೆ ಅತ್ತೆ ಹೇಳಿದ್ದನ್ನೆಲ್ಲ, ಸ್ಪ್ಯಾನರ್ ಸಮೇತ, ತಮಿಳಿನಲ್ಲಿ ಒಪ್ಪಿಸಿದ.

ಬೈಗುಳ ಬರುತ್ತದೆಂದು ನಾನು ಚಪ್ಪಲಿ ಹುಡುಕುತ್ತಿದ್ದೆ. ಪಳನಿಸಾಮಿ ಬೈಯಲಿಲ್ಲ. "ಹಂಗಾದ್ರೆ ನಿಮ್ಮ ಬೀದಿ ಪೂರ್ತಿ ಪ್ರಭಾಕರನ್‌ಗೆ? ಅವನನ್ನೂ ಇದನ್ನೇ ಕೇಳಿದ್ದೆ, ನಿಮ್ಮ ಜನದ ಬಗ್ಗೆ ಅವನಿಗೇ ಧೈರ್ಯ ಇರಲಿಲ್ಲ. ಒಳ್ಳೇದಾಯ್ತು ತಂಬಿ, ದೊಡ್ಡ ಉಪಕಾರ ಮಾಡಿದೆ," ಎಂದು ಪ್ರಭಾಕರನ್ ಹೆಸರಿಗೆ ಗುರುತು ಹಾಕಿದ. ಎದುರಾಳಿಗೆ ಟಿಕೆಟ್ ಕೊಡಿಸಲು ಬಸ್ ಚಾರ್ಜು ಕೊಟ್ಟುಕೊಂಡು ಬಂದವನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗಾಂಧೀಪುರದ ಬಸ್ ನಿಲ್ದಾಣಕ್ಕೆ ಇಬ್ಬರೂ ನಡೆದು ಬಂದೆವು. ಅಲ್ಲಿ ಅವನು ನಿಂತು, "ಲಿಂಗಪ್ಪನ್ ಕೇಳದೆ ಇದ್ದಿದ್ರೆ ನಾನು ಸುಳ್ಳಲ್ಲೇ ನಿಲ್ತಿದ್ದೆ ಮಾವಾ," ಅಂದ.

"ನಿಂತು?"

"ಸೋಲ್ತಿದ್ದೆ." ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ಎಷ್ಟು ಓಟು ಬೀಳ್ತಿತ್ತು ಅಂತೀರಿ? ನನ್ನದು ಒಂದು. ಜಯಪ್ರಿಯಾದು..."

ಜಯಪ್ರಿಯಾ ಅವನ ಹೆಂಡತಿ. ಅವನು ಫೋನ್ ತೆಗೆದ. ನಾನು ಬೇಡವೋ ಎನ್ನುವಷ್ಟರಲ್ಲಿ ಅವಳ ಓಟು ಯಾರಿಗೆಂದು ಕೇಳಿಯೂ ಬಿಟ್ಟ. ಆಚೆಯಿಂದ ಅವಳ ದನಿ ನನಗೂ ಕೇಳಿಸಿತು.

"ಏನುಂಗ, ಪಕ್ಕದಲ್ಲಿ ಯಾರವ್ರೆ?"

"ಮಾವ."

"ಮನೆಗೆ ಬನ್ನಿ. ಊಟ ಆದ್ಮೇಲೆ ಯೋಳ್ತೀನಿ."

ಅನ್ನೂರಿನ ಬಸ್ಸು ಬಂತು. ಇಡೀ ಬಸ್ಸು ಖಾಲಿಯಿತ್ತು. ಅವಳ ಓಟಿನ ಲೆಕ್ಕವೂ ಸಿಕ್ಕವನಂತೆ ತಿರುಮೂರ್ತಿ ನನ್ನ ಪಕ್ಕ ಕೂರದೆ, ಡ್ರೈವರಿನ ಹಿಂದಿನ ಸೀಟಿಗೆ ಹೋಗಿ ಕಿಟಕಿಯ ಕಡೆ ಮುಖ ಮಾಡಿ ಕೂತ.