ಅರ್ಧ ಹೆಸರು, ಎರಡು ಪಾಯಿಂಟ್ ಹತ್ತು

ನನಗೆ ಸಿಟ್ಟು ಬರುವುದು ಅಪರೂಪ. ಬಂದರೂ ಬೇರೆಯವರ ದನಿಯಲ್ಲಿ ಬರುತ್ತದೆ. ಮತ್ತಿಗಿರಿ ಬಸ್ಸಿನ ಕಂಡಕ್ಟರನಿಂದ ಹಿಡಿದು ನಮ್ಮಪ್ಪನ ಕೆಮ್ಮಿನವರೆಗೆ ಎಲ್ಲವನ್ನೂ ಅಣಕಿಸುವ ನನಗೆ ಸ್ವಂತ ದನಿ ಅಂತ ಒಂದಿದೆಯೋ ಇಲ್ಲವೋ ಎಂದು ಅವ್ವನಿಗೇ ಅನುಮಾನ. ಆದರೆ ಯಾರಾದರೂ 'ಲೇ ಮುನಿ' ಎಂದು ಅರ್ಧ ಹೆಸರು ಕೂಗಿದರೆ ಈಗಲೂ ನೆತ್ತಿ ಕಾಯುತ್ತದೆ.

ನಮ್ಮ ಸೀಮೆ ನಿಮಗೆ ಗೊತ್ತಲ್ಲ, ಮುನೇಶ್ವರನಿಗೆ ಹರಕೆ ಹೊರದೆ ಇಲ್ಲಿ ಮಕ್ಕಳೇ ಹುಟ್ಟುವುದಿಲ್ಲ. ಮುನಿಯಪ್ಪ, ಮುನಿರಾಜು, ಮುನಿವೆಂಕಟ, ಚಿಕ್ಕಮುನಿ, ನಾನು ಮುನಿಕೃಷ್ಣ. ನಾವೆಲ್ಲ ಸೇರಿ ಹೊಸೂರಿನ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಶೆಡ್ಡು ತುಂಬಿದ್ದೆವು. ನಮ್ಮ ಸೂಪರ್‌ವೈಸರ್ ಸಾಹೇಬರು ಕನ್ನಡ, ತಮಿಳು, ತೆಲುಗು ಮೂರೂ ಬಲ್ಲವರು. ಮೂರರಲ್ಲಿ ಒಂದರಲ್ಲೂ ನಮ್ಮ ಪೂರ್ತಿ ಹೆಸರು ಕೇಳಿದವರಲ್ಲ. 'ಮುನಿ' ಎಂದು ಕೂಗುವುದು, ಎದ್ದ ತಲೆಗಳಲ್ಲಿ ಹತ್ತಿರದ್ದನ್ನು ಹಿಡಿಯುವುದು, ಅಷ್ಟೇ.

ಒಂದು ದಿನ ಸಿಕ್ಕ ತಲೆ ಕೆಲಮಂಗಲದ ಮುನಿರಾಜುವಿನದು. ಅವನಿನ್ನೂ ಪ್ರೊಬೇಷನ್‌ನಲ್ಲಿದ್ದ, ಕೆಲಸ ಪರ್ಮನೆಂಟೋ, ಮನೆಯ ದಾರಿಯೋ, ತಿಂಗಳ ಕೊನೆಗೆ ತೀರ್ಮಾನ. ಬುಷ್ ಎನ್ನುವ ಉಂಗುರದಂಥ ಬಿಡಿಭಾಗದ ಡ್ರಾಯಿಂಗನ್ನು ತಿದ್ದಿದಾಗಲೆಲ್ಲ ಹೊಸ ನಂಬರು ಕೊಡುತ್ತಿದ್ದರು: ಎರಡು ಪಾಯಿಂಟ್ ಎಂಟು, ಎರಡು ಪಾಯಿಂಟ್ ಒಂಬತ್ತು, ಆಮೇಲೆ ಎರಡು ಪಾಯಿಂಟ್ ಹತ್ತು. ಮುನಿರಾಜು ಹತ್ತರಂತೆ ಕಡೆದಿದ್ದ. ಸಾಹೇಬರು ಕೆಂಡವಾದರು.

"ಟು ಪಾಯಿಂಟ್ ನೈನ್ ದೊಡ್ಡದಾ, ಟು ಪಾಯಿಂಟ್ ಟೆನ್ ದೊಡ್ಡದಾ? ದಶಾಂಶ ಓದ್ಲಿಲ್ವೇನಯ್ಯಾ? ಹಳೇ ಡ್ರಾಯಿಂಗ್ ನೋಡಿ ಮಾಲು ಕೆಡಿಸಿದ್ದೀಯ. ಪರ್ಮನೆಂಟು ಮರ್ತುಬಿಡು!"

"ಒಂಬತ್ತಾದ್ಮೇಲೆ ಹತ್ತಲ್ವಾ ಸಾ?"

"ಎದುರು ಮಾತಾಡ್ಬೇಡ."

ದಶಾಂಶದ ಮೇಲೆ ನನಗೇನೂ ಹಗೆಯಿಲ್ಲ. ಬೇಳೆ ತೂಗುವಾಗ, ಜ್ವರ ನೋಡುವಾಗ ಅದರ ಮಾತು ನಡೆಯಲಿ. ಆದರೆ ಈ ನಂಬರಿನ ಚುಕ್ಕೆ ಬರೀ ಹೊಸ್ತಿಲು. ಆಚೆ ಒಂದು ಎಣಿಕೆ, ಈಚೆ ಇನ್ನೊಂದು. ಇದು ಸಾಹೇಬರಿಗೆ ತಿಳಿಯದ್ದಲ್ಲ; ಡ್ರಾಯಿಂಗ್ ರೂಮಿನವರು ಆವತ್ತೇ ಹೇಳಿದ್ದರು. ಆದರೇನು, ಶೆಡ್ಡಿನೆದುರು ಬೈದಾಗಿತ್ತು. ಬೈಗುಳ ವಾಪಸ್ ಎಳೆದುಕೊಳ್ಳುವ ಯಂತ್ರ ನಮ್ಮ ಕಾರ್ಖಾನೆಗೆ ಬಂದಿರಲಿಲ್ಲ. ನನ್ನ ಸಿಟ್ಟೆಲ್ಲ ಇದರ ಮೇಲೆ.

ಆವತ್ತು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸಾಹೇಬರ ಕೈಗೆ ಬಂದದ್ದು ಎರಡನೇ ಪಂಕ್ತಿಯ ಹತ್ತನೇ ಟೋಕನ್; ಅದರ ಮೇಲೂ ಎರಡು, ಚುಕ್ಕೆ, ಹತ್ತು. ಒಂಬತ್ತರವನು ತಟ್ಟೆ ಹಿಡಿದು ಹೋದ. ಇವರು ಮುಂದೆ ಬಂದರು. ನಾನು ಹಿಂದಿನಿಂದ ಅವರದೇ ದನಿ ತೆಗೆದೆ:

"ಟು ಪಾಯಿಂಟ್ ಟೆನ್ ಅಂದ್ರೆ ಟು ಪಾಯಿಂಟ್ ಒನ್ ಕಣಯ್ಯಾ! ಒಂಬತ್ತಕ್ಕಿಂತ ಮುಂಚೆ ಬರ್ಬೇಕಿತ್ತು. ನಿನ್ ಊಟ ಆಗೋಯ್ತು, ನಡೀ!"

ಸಾಹೇಬರು ತಾವೇ ಮಾತಾಡಿದೆವೇನೋ ಎಂಬಂತೆ ಬಾಯಿ ಮುಟ್ಟಿಕೊಂಡರು. ಬಡಿಸುತ್ತಿದ್ದ ಸೂಳಗಿರಿಯ ಪಾಪಕ್ಕ ಸೌಟು ಮೇಲೆತ್ತಿದಳು. "ಹೌದಾ ಸಾ? ಹಂಗಾರೆ ಮುದ್ದೆ ಇಲ್ಲ."

ಕ್ಯಾಂಟೀನೆಲ್ಲ ನಕ್ಕಿತು. ನಗದವನು ಮುನಿರಾಜು. "ನೀನು ನಗಿಸ್ಬುಟ್ಟು ಹೋಗ್ತೀಯ ಕಣ್ಲಾ. ಹೋಗೋದು ನನ್ ಕೆಲ್ಸ."

ಮುನಿರಾಜು ಕಡೆದ ಬುಷ್‌ಗಳು ಯಂತ್ರದಲ್ಲಿ ಸರಿಯಾಗಿ ಕೂತವು. ತಿಂಗಳ ಕೊನೆಗೆ, ಶಿಫ್ಟಿಗೆ ಮುಂಚೆ ನಾವು ಬೆಂಚಿನ ಮೇಲೆ ಕೂತಿದ್ದಾಗ, ಸಾಹೇಬರು ಬಾಗಿಲಲ್ಲೇ ನಿಂತು ಕೂಗಿದರು: "ಮುನಿ! ಪರ್ಮನೆಂಟ್ ಆಯ್ತು, ಬಾ!"

ಮುನಿಗಳೆಲ್ಲ ಎದ್ದೆವು. ಆಸೆಗೇನು, ನಾನೂ ಎದ್ದೆ. ಮುನಿರಾಜು ಮಾತ್ರ ಅಲ್ಲಾಡಲಿಲ್ಲ.

"ಎದ್ದೋಗ್ಲಾ, ನಿಂದೇ ಕಣೋ," ಎಂದೆ.

"ಪೂರ್ತಿ ಕೂಗ್ಲಿ."

ಸಾಹೇಬರು ಕಾದರು. ಆಮೇಲೆ, ನಿಂತ ಮುನಿಗಳ ನಡುವೆ ದಾರಿ ಮಾಡಿಕೊಂಡು, ಕೂತವನ ಮುಂದೆ ಬಂದು ಮೆಲ್ಲಗೆ ಕೇಳಿದರು: "ನಿನ್ ಪೂರ್ತಿ ಹೆಸ್ರೇನಪ್ಪಾ?"

ಅವರ ಗದರಿಕೆ, ಕೆಮ್ಮು, ಸೀನು ಎಲ್ಲ ನನಗೆ ಬಾಯಿಪಾಠ. ಆ ಒಂದು ದನಿ ಮಾತ್ರ ಎಷ್ಟು ತಿದ್ದಿದರೂ ಇವತ್ತಿಗೂ ಕೂಡಿ ಬಂದಿಲ್ಲ.